ಟ್ರಿಂಕೋಮಲಿ ಹಡಗಿಗೆ, ಬಂಗಾರಪೇಟೆಯಿಂದ

ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿರುವ ಟ್ರಿಂಕೋಮಲಿ ಅಜ್ಜಿಗೆ,

ಬಂಗಾರಪೇಟೆಯಿಂದ ನಿನ್ನ ನಾಡಿನವಳೊಬ್ಬಳ ನಮಸ್ಕಾರಗಳು.

ನಿನ್ನ ನಾಡಿನವಳು ಎಂದು ಸುಮ್ಮನೆ ಅಂದದ್ದಲ್ಲ. ನಿನ್ನ ಮೇಲೆ ಹಾರುವುದು ಬ್ರಿಟನ್ನಿನ ಬಾವುಟವಾದರೂ ನೀನು ಹುಟ್ಟಿದ್ದು ಬೊಂಬಾಯಿಯ ಹಡಗುಕಟ್ಟೆಯಲ್ಲಿ. ನಿನ್ನ ಮೈ ಮಲಬಾರಿನ ತೇಗ. ನಿನ್ನನ್ನು ಕಟ್ಟಿದವರು ಪಾರ್ಸಿ ಮೇಸ್ತ್ರಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಮತ್ತು ಅವರ ಕೈಕೆಳಗಿದ್ದ ಬಡಗಿಗಳು. 1816ರಲ್ಲಿ ತಳದ ತೊಲೆ ಕೂರಿಸುವಾಗ ಪಾರ್ಸಿಗಳ ಪದ್ಧತಿಯಂತೆ ಅದಕ್ಕೊಂದು ಬೆಳ್ಳಿಯ ಮೊಳೆ ಹೊಡೆದರಂತೆ. 1817ರ ಅಕ್ಟೋಬರ್ 12ರಂದು ನಿನ್ನನ್ನು ನೀರಿಗಿಳಿಸಿದರು. ಇನ್ನೂರು ವರ್ಷ ದಾಟಿದವಳನ್ನು ನಮ್ಮ ಕಡೆ ಅಜ್ಜಿ ಎನ್ನದೆ ಬೇರೇನೂ ಅನ್ನುವುದಿಲ್ಲ. ಅಜ್ಜಿಯನ್ನು ಬಹುವಚನದಲ್ಲಿ ಕರೆದು ದೂರ ಇಡುವ ಪದ್ಧತಿಯೂ ನಮ್ಮ ಮನೆಯಲ್ಲಿಲ್ಲ.

ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದು, ನಿನ್ನ ಕಥೆ ನಮ್ಮ ಊರಿನವರಿಗೂ ನಮ್ಮ ಊರಿನ ಜಮೀನು, ಯಂತ್ರ, ಕಟ್ಟಡಗಳ ಬಗ್ಗೆ ತೀರ್ಮಾನ ಮಾಡುವವರಿಗೂ ತಿಳಿಯಲಿ ಎಂದು. ಅವರಿಗೇ ನೇರವಾಗಿ ಅರ್ಜಿ ಬರೆಯಬಹುದಿತ್ತು. ಕೋಲಾರದ ಚಿನ್ನದ ಗಣಿ ಮುಚ್ಚಿದಾಗಿನಿಂದ ಅಂಥ ಅರ್ಜಿಗಳನ್ನು ಗಣಿಯ ಊರಾದ ಕೆ.ಜಿ.ಎಫ್.ನವರು ಬೇಕಾದಷ್ಟು ಬರೆದಿದ್ದಾರೆ. ಆದರೆ ಕೆಲಸ ಮುಗಿದು, ಗುಜರಿಗೆ ಮಾರಾಟವಾಗಿ, ಅಲ್ಲಿಂದ ವಾಪಸು ಬಂದು ಇವತ್ತಿಗೂ ನೀರಿನ ಮೇಲೆ ತೇಲುತ್ತಿರುವವಳು ನೀನು. ನಿನ್ನನ್ನು ಮುಂದಿಟ್ಟುಕೊಂಡು ಕೇಳಿದರೆ "ಅದೆಲ್ಲ ಆಗದ ಮಾತು" ಎಂದು ಯಾರೂ ಸುಲಭವಾಗಿ ಹೇಳಲಾರರು.

ಮಗ ನ್ಯೂಕಾಸಲ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಕಡಲ ಪಕ್ಕದಲ್ಲೇ ಓಡುವ ರೈಲಿನಲ್ಲಿ ಹಾರ್ಟಲ್‌ಪೂಲಿಗೆ ಕರೆದುಕೊಂಡು ಬಂದ. ನಿನ್ನ ಮೇಲಟ್ಟದಲ್ಲಿ ಎಲ್ಲರೂ ತಲೆಯೆತ್ತಿ ಮೂರು ಕೂವೆಕಂಬಗಳನ್ನೂ ಹಗ್ಗಗಳ ಬಲೆಯನ್ನೂ ನೋಡುತ್ತಿದ್ದರು. ಅದು ನೋಡಬೇಕಾದದ್ದೇ. ಆದರೆ ನನಗೆ ನೀನು ಹತ್ತಿರದವಳು ಅನಿಸಿದ್ದು ಕೆಳಗಿನ ಅಟ್ಟಕ್ಕೆ ಇಳಿದ ಮೇಲೆ. ಅಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ತೊಲೆ ತಲೆಗೆ ಬಡಿಯದ ಹಾಗೆ ಬಗ್ಗಿ ನಡೆಯಬೇಕು. ನಾವಿಕರು ಮಲಗುತ್ತಿದ್ದ ಜೋಲಿಗಳಿಗೆ ಒಬ್ಬನಿಗೆ 14 ಅಂಗುಲ ಅಗಲದ ಜಾಗ. ಅರ್ಧ ಜನ ಪಾಳಿಯ ಮೇಲೆ ಇರುತ್ತಿದ್ದುದರಿಂದ ಮಲಗಿದವನಿಗೆ ಹೊರಳಲು ಒಂದಷ್ಟು ಎಡೆ ಸಿಗುತ್ತಿತ್ತು. ಅಲ್ಲಿ ಇದನ್ನು ಓದಿದ ಕೂಡಲೇ ನನಗೆ ಕೆ.ಜಿ.ಎಫ್. ಗಣಿ ಕಾರ್ಮಿಕರ ಮೈನಿಂಗ್ ಲೈನುಗಳ ತಟ್ಟಿಮನೆಗಳು ಕಣ್ಣಿಗೆ ಬಂದವು. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ. ಒಬ್ಬ ಶಿಫ್ಟಿಗೆ ಹೊರಟಾಗ ಇನ್ನೊಬ್ಬ ಶಿಫ್ಟಿನಿಂದ ಬಂದು ಅದೇ ಚಾಪೆಯ ಮೇಲೆ ಮಲಗುತ್ತಿದ್ದ.

ಆ ಅಟ್ಟದಲ್ಲಿ ಒಂದು ತೊಲೆಯನ್ನು ಮುಟ್ಟಿ ನೋಡಿದೆ. ಬಣ್ಣ ಕಪ್ಪಿಗೆ ತಿರುಗಿದೆ, ಅಂಚು ಕೈ ತಾಗಿ ಸವೆದು ದುಂಡಗಾಗಿದೆ. ಬಾಚಿಯಿಂದ ಕೆತ್ತಿದ ಗುರುತುಗಳು ಬೆರಳಿಗೆ ಸಿಗುತ್ತವೆ, ಅಲ್ಲಲ್ಲಿ ಆಳ, ಅಲ್ಲಲ್ಲಿ ತೆಳು. ಕೆತ್ತಿದವನ ಕೈ ಎಲ್ಲಿ ನಿಂತು ಮತ್ತೆ ಎಲ್ಲಿಂದ ಹೊರಟಿತು ಎಂದು ತಿಳಿಯುವಷ್ಟು ಸ್ಪಷ್ಟ. ಇಂಗ್ಲೆಂಡಿನವರು ತಮ್ಮ ಓಕ್ ಬಿಟ್ಟು ನಮ್ಮ ತೇಗಕ್ಕೆ ಬಂದದ್ದು ಪ್ರೀತಿಯಿಂದಲ್ಲ. ನೆಪೋಲಿಯನ್ ಜೊತೆಗಿನ ಯುದ್ಧಗಳಲ್ಲಿ ಅವರ ಓಕ್ ಕಾಡುಗಳು ಬರಿದಾಗಿದ್ದವು. 1806ರಲ್ಲಿ ಮಲಬಾರಿನ ಕಾಡುಗಳಿಗೆ ವಾಟ್ಸನ್ ಎಂಬ ಕ್ಯಾಪ್ಟನ್ನನ್ನು ಅಧಿಕಾರಿಯಾಗಿ ಹಾಕಿ, ತೇಗವನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ತೆಗೆದುಕೊಂಡು, ಹಡಗಿಗೆಂದು ಕಡಿಸಿದರು. ಓಕ್‌ನ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆ ಅದನ್ನು ಕಾಯುತ್ತದೆ. ನಿನ್ನ ಜೊತೆಯ ಹಡಗುಗಳಲ್ಲಿ ಹೆಚ್ಚಿನವು ಇಲ್ಲವಾದವು, ನೀನು ಉಳಿದೆ. ಬ್ರಿಟನ್ನಿನ ಯುದ್ಧಹಡಗುಗಳಲ್ಲಿ ಇನ್ನೂ ತೇಲುತ್ತಿರುವ ಅತ್ಯಂತ ಹಳೆಯದು ನೀನೇ.

ನಮ್ಮ ನೆಲದಿಂದಲೂ ಅದೇ ದೇಶಕ್ಕೆ ಒಂದು ಸರಕು ಹೋಗಿದೆ, ಅಜ್ಜಿ. ಈಗಿನ ಕೆ.ಜಿ.ಎಫ್.ನ ಊರಿಗಾಮಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಾರೆಂದು 1802ರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟ್ ಬರೆದಿಟ್ಟ. 1875ರಲ್ಲಿ ಲವೆಲ್ ಎಂಬ ಐರಿಷ್ ಸಿಪಾಯಿಗೆ ಮೈಸೂರು ಸರ್ಕಾರ ಅಪ್ಪಣೆ ಕೊಟ್ಟಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದರು. ಅಲ್ಲಿಂದ 2001ರವರೆಗೆ ಸುಮಾರು 800 ಟನ್ ಚಿನ್ನ ಬಂತು. ಮೊದಲ ಎಪ್ಪತ್ತು ವರ್ಷದ ಲಾಭದ ಬಹುಪಾಲು ಲಂಡನ್ನಿನ ಷೇರುದಾರರ ಮನೆ ಸೇರಿತು. ಚಿನ್ನವನ್ನು ಕರಗಿಸಿದರೆ ಅದಕ್ಕೆ ಊರಿಲ್ಲ, ಕೇರಿಯಿಲ್ಲ. ಇಂಗ್ಲೆಂಡಿನ ಯಾವ ಬೆರಳಿನ ಉಂಗುರದಲ್ಲಿ, ಯಾವ ಬ್ಯಾಂಕಿನ ನೆಲಮಾಳಿಗೆಯಲ್ಲಿ ನಮ್ಮ ಚಾಂಪಿಯನ್ ರೀಫ್ಸ್ ಗಣಿಯ ಚಿನ್ನವಿದೆ ಎಂದು ಯಾರೂ ಹೇಳಲಾರರು. ನಿನ್ನನ್ನು ಮಾತ್ರ ಮುಟ್ಟಿ, ಇದು ನಮ್ಮ ಮರ, ಇದು ನಮ್ಮವರ ಕೆಲಸ ಎನ್ನಬಹುದು. ಆ ತೊಲೆಯ ಮೇಲಿನಿಂದ ಕೈ ತೆಗೆಯಲು ನನಗೆ ಮನಸ್ಸೇ ಬರಲಿಲ್ಲ.

ನಿನ್ನ ಬಗ್ಗೆ ನನಗೆ ಮುಖ್ಯವೆನಿಸಿದ್ದು ನೀನು ಹೇಗೆ ಉಳಿದೆ ಎಂಬ ಭಾಗ. ನೌಕಾದಳ ನಿನ್ನನ್ನು ಜೋಪಾನ ಮಾಡಲಿಲ್ಲ. 1819ರಲ್ಲಿ ಪೋರ್ಟ್ಸ್‌ಮತ್ ಮುಟ್ಟಿದ ಮೇಲೆ ಸುಮಾರು ಮೂರು ದಶಕ ಮೂಲೆಯಲ್ಲಿ ಕಟ್ಟಿಹಾಕಿದರು. 1847ರಲ್ಲಿ ಎಬ್ಬಿಸಿ ವೆಸ್ಟ್ ಇಂಡೀಸಿಗೂ, ಆಮೇಲೆ ಪೆಸಿಫಿಕ್ ಸಾಗರಕ್ಕೂ ಓಡಿಸಿದರು. ಹತ್ತು ವರ್ಷದಲ್ಲಿ ಹಡಗುಗಳಿಗೆ ಉಗಿಯ ಕಾಲ ಬಂತು, ನೀನು ಹಳಬಳಾದೆ. 1860ರ ದಶಕದಲ್ಲಿ ನಿನ್ನನ್ನು ತರಬೇತಿ ಹಡಗು ಮಾಡಿ ಮೊದಲು ಸಂಡರ್‌ಲ್ಯಾಂಡಿನಲ್ಲಿ, ಆಮೇಲೆ ಇದೇ ಹಾರ್ಟಲ್‌ಪೂಲಿನಲ್ಲಿ ನಿಲ್ಲಿಸಿದರು. 1897ರಲ್ಲಿ ಹಡಗು ಒಡೆಯುವವನಿಗೆ ಮಾರಿಯೂಬಿಟ್ಟರು. ಅವನ ಕೈಯಿಂದ ನಿನ್ನನ್ನು ಕೊಂಡವರು ವೀಟ್ಲಿ ಕಾಬ್ ಎಂಬುವರು. ಹುಡುಗರಿಗೆ ಹಡಗಿನ ಕೆಲಸ ಕಲಿಸಲು ಅವರು ಇಟ್ಟುಕೊಂಡಿದ್ದ ನೆಲ್ಸನ್ನನ ಕಾಲದ 'ಫೂದ್ರಾಯಾಂ' ಹಡಗು ಅದೇ ವರ್ಷ ಬಿರುಗಾಳಿಗೆ ಸಿಕ್ಕಿ ಒಡೆದಿತ್ತು. ನಿನಗೆ ಆ ಹೆಸರನ್ನೇ ಇಟ್ಟು ಆ ಕೆಲಸಕ್ಕೆ ಹಚ್ಚಿದರು. 1986ರವರೆಗೆ ಮಕ್ಕಳು ನಿನ್ನ ಮೇಲೆ ಹತ್ತಿದರು, ಹಗ್ಗ ಹಾಕಿದರು, ನೆಲ ತಿಕ್ಕಿದರು. ಕಲಿಸುವ ಕೆಲಸದಲ್ಲಿದ್ದುದರಿಂದಲೇ ನೀನು ಗುಜರಿಯ ಪಾಲಾಗಲಿಲ್ಲ.

ಆಮೇಲೆ ಹಾರ್ಟಲ್‌ಪೂಲ್. ಅದೂ ನಮ್ಮ ಹಾಗೆ ಕೆಲಸ ಕಳೆದುಕೊಂಡ ಊರು. 1960ರ ದಶಕದಲ್ಲಿ ಹಡಗು ಕಟ್ಟುವ ಕಾರ್ಖಾನೆಗಳು ಮುಚ್ಚಿದವು, ಆಮೇಲೆ ಉಕ್ಕಿನ ಕಾರ್ಖಾನೆಯೂ ಹೋಯಿತು. ಕಬ್ಬಿಣ ಬಗ್ಗಿಸಬಲ್ಲ, ಮರ ಜೋಡಿಸಬಲ್ಲ, ಹಗ್ಗ ಹೊಸೆಯಬಲ್ಲ ಗಂಡಸರು ಮನೆಯಲ್ಲಿ ಕೂತಿದ್ದರು. 1979ರಲ್ಲಿ 'ವಾರಿಯರ್' ಎಂಬ 1860ರ ಕಬ್ಬಿಣದ ಹಡಗನ್ನು ಅಲ್ಲಿಗೆ ಎಳೆದು ತಂದರು. ಎಣ್ಣೆ ತುಂಬುವ ಕಟ್ಟೆಯಾಗಿ ಬಿದ್ದಿದ್ದ ಅದನ್ನು ಆ ಊರಿನ ಕೈಗಳು ಎಂಟು ವರ್ಷ ದುರಸ್ತಿ ಮಾಡಿ 1987ರಲ್ಲಿ ಪೋರ್ಟ್ಸ್‌ಮತ್ತಿಗೆ ಕಳಿಸಿದವು. ಅದೇ ವರ್ಷ ನೀನು ಬಂದೆ. ವಾರಿಯರ್‌ನಲ್ಲಿ ಹಳಬರ ಕೈಕೆಳಗೆ ಕಲಿತ ಕಸುಬು ಆರುವ ಮುಂಚೆ ನಿನ್ನ ಮೇಲೆ ಮುಂದುವರಿಯಿತು. 1990ರಲ್ಲಿ ಶುರುವಾದ ನಿನ್ನ ಜೀರ್ಣೋದ್ಧಾರಕ್ಕೆ ಒಂದು ಕೋಟಿ ಪೌಂಡಿಗೂ ಹೆಚ್ಚು ಹಿಡಿಯಿತು. ಅದರಲ್ಲಿ ಲಾಟರಿ ನಿಧಿಯ ದುಡ್ಡೂ ಸೇರಿತ್ತು. ಕೆಲಸ ಮುಗಿದದ್ದು 2001ರಲ್ಲಿ.

2001. ಅದೇ ವರ್ಷ ಫೆಬ್ರವರಿ 28ರಂದು ನಮ್ಮ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ನಿನ್ನನ್ನು ಎಬ್ಬಿಸಿ ನಿಲ್ಲಿಸಿದ ವರ್ಷವೇ ನಮ್ಮನ್ನು ಮಲಗಿಸಿದರು.

ಆಳದ ನೀರನ್ನು ಹಗಲೂ ರಾತ್ರಿ ಮೇಲೆತ್ತುತ್ತಿದ್ದ ಪಂಪುಗಳು ನಿಂತವು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ನೀರು ಏರುತ್ತಾ ಬಂತು. ಮೇಲೆ ಗಣಿಗೆ ಇಳಿಯುವ ಬಾವಿಗಳಾದ ಶಾಫ್ಟುಗಳ ಹೆಡ್‌ಗೇರ್ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ಬಿಚ್ಚಿಕೊಂಡು ಹೋಗಬಹುದಾದ ತಾಮ್ರ, ಹಿತ್ತಾಳೆ, ಕಬ್ಬಿಣಕ್ಕೆ ಕಳ್ಳರು ಬಿದ್ದು ವರ್ಷಗಳೇ ಆದವು. ಒಂದು ಕಾಲಕ್ಕೆ 30,000 ಜನಕ್ಕೆ ಅನ್ನ ಕೊಟ್ಟ ಊರಿನ ಮಕ್ಕಳು ಈಗ ನಸುಕಿನಲ್ಲೇ ಮಾರಿಕುಪ್ಪಂ ಗಾಡಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಾರೆ. 1894ರಲ್ಲಿ ಗಣಿಗೆಂದೇ ಹಾಕಿದ ರೈಲುದಾರಿ ಅದು. ನಮ್ಮಪ್ಪನ ಕಾಲದಲ್ಲಿ ಜನ ಅದೇ ಗಾಡಿಯಲ್ಲಿ ಬಂಗಾರಪೇಟೆಯಿಂದ ಗಣಿಯ ಕಡೆಗೆ ಹೋಗುತ್ತಿದ್ದರು.

ಅಪ್ಪ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಅವರ ಕೆಲಸ ಏನೆಂದು ನಿನಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಉಳಿಸಿ ಎಂದು ಕೇಳುತ್ತಿರುವುದು ಅದನ್ನೇ.

ಶಾಫ್ಟಿನಿಂದ ಒಂದಷ್ಟು ದೂರದಲ್ಲಿ ಎತ್ತರದ ಚಾವಣಿಯ ಒಂದು ಕಟ್ಟಡ. ಒಳಗೆ ಆಳೆತ್ತರ ಮೀರಿದ ಉಕ್ಕಿನ ಡ್ರಮ್ಮು. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ ಗೋಡೆಯ ಕಿಂಡಿಯಿಂದ ಹೊರಬಿದ್ದು, ಹೆಡ್‌ಗೇರಿನ ತುದಿಯ ಗಾಲಿಯ ಮೇಲೆ ಹಾದು, ನೇರ ಭೂಮಿಯೊಳಗೆ ಇಳಿಯುತ್ತದೆ. ತುದಿಯಲ್ಲಿ ಕೇಜು, ಕೇಜಿನಲ್ಲಿ ಮನುಷ್ಯರು. ಒಂದು ಕೇಜು ಇಳಿದರೆ ಇನ್ನೊಂದು ಏರುತ್ತದೆ. ಡ್ರೈವರ್ ಕೂತ ಜಾಗದಿಂದ ಶಾಫ್ಟೂ ಕಾಣುವುದಿಲ್ಲ, ಕೇಜೂ ಕಾಣುವುದಿಲ್ಲ. ಕಣ್ಣ ಮುಂದೆ ಆಳ ತೋರಿಸುವ ಒಂದು ಮುಳ್ಳು, ಡ್ರಮ್ಮಿನ ಮೇಲೆ ಬಣ್ಣದಲ್ಲಿ ಎಳೆದ ಗುರುತುಗಳು, ಕಿವಿಗೆ ಗಂಟೆ. ಒಂದು ಗಂಟೆ ಹೊಡೆದರೆ, ಚಲಿಸುತ್ತಿದ್ದರೆ ನಿಲ್ಲಿಸು, ನಿಂತಿದ್ದರೆ ಎತ್ತು. ಎರಡು ಎಂದರೆ ಇಳಿಸು. ಮೂರು ಎಂದರೆ ಮನುಷ್ಯರು ಹತ್ತುತ್ತಿದ್ದಾರೆ. ಆ ಮೂರನೇ ಗಂಟೆ ಬಿದ್ದ ಮೇಲೆ ಅಪ್ಪ ಪಕ್ಕದವರ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ.

ಸಾವಿರಾರು ಅಡಿ ಕೆಳಗೆ ಹಗ್ಗ ಬಿಟ್ಟಾಗ ಭಾರಕ್ಕೆ ಅದು ಹಿಗ್ಗುತ್ತದೆ. ಖಾಲಿ ಕೇಜಿಗೂ ತುಂಬಿದ ಕೇಜಿಗೂ ನಿಲ್ಲುವ ಜಾಗದಲ್ಲಿ ಅಡಿಗಟ್ಟಲೆ ವ್ಯತ್ಯಾಸ. ಮುಳ್ಳು ಅದನ್ನು ಹೇಳುವುದಿಲ್ಲ. ಎಂಜಿನ್ನಿನ ಶ್ರುತಿ ಕೇಳಿ, ಬ್ರೇಕಿನ ಹಿಡಿಗೆ ಬರುವ ನಡುಕ ನೋಡಿ, ಎಷ್ಟು ಜನ ಹತ್ತಿದ್ದಾರೆ, ಹಗ್ಗ ಎಷ್ಟು ಹಿಗ್ಗಿದೆ, ಎಲ್ಲಿ ನಿಧಾನಿಸಬೇಕು ಎಂದು ಕೈಯೇ ತೀರ್ಮಾನಿಸಬೇಕು. ಅಪ್ಪ ನಿಲ್ಲಿಸಿದ ಕೇಜಿನಿಂದ ಜನ ಎಡವದೆ ಹೊರಗೆ ಕಾಲಿಡುತ್ತಿದ್ದರು. ಅವರಿಗೆ ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಹಿಂದಿನ ಡ್ರೈವರೊಬ್ಬರು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಕೈಯ ಮೇಲೆ ತಮ್ಮ ಕೈ ಇಟ್ಟು ಕಲಿಸಿದ್ದರು. ಅಪ್ಪ ಇನ್ನಿಬ್ಬರಿಗೆ ಹಾಗೆಯೇ ಕಲಿಸಿದರು. ಅಪ್ಪ ಈಗಿಲ್ಲ. ಅವರಲ್ಲಿ ಕಲಿತ ಒಬ್ಬರು ಆಂಡರ್ಸನ್‌ಪೇಟೆಯಲ್ಲಿದ್ದಾರೆ, ಬಹಳ ವಯಸ್ಸಾಗಿದೆ. ಮಾತಾಡಿಸಲು ಹೋದರೆ ಮೊಣಕಾಲಿನ ಮೇಲೆ ಕೈ ಊರಿ, ಬ್ರೇಕ್ ಹಿಡಿಯುವ ಹಾಗೆ ಬೆರಳು ಮಡಚಿ ತೋರಿಸುತ್ತಾರೆ. ಅವರ ತಲೆಯಲ್ಲಿ ಪ್ರತಿ ಲೆವೆಲ್ಲಿನ ಗುರುತೂ ಇನ್ನೂ ಇದೆ. ಅದನ್ನು ಕೇಳಿ ಬರೆದುಕೊಳ್ಳಲು ಸರ್ಕಾರದಿಂದಾಗಲಿ, ಯಾವ ವಿಶ್ವವಿದ್ಯಾಲಯದಿಂದಾಗಲಿ ಒಬ್ಬರೂ ಅವರ ಮನೆ ಬಾಗಿಲಿಗೆ ಬಂದಿಲ್ಲ.

ಕಬ್ಬಿಣ ತುಕ್ಕು ಹಿಡಿಯಲು ನೂರು ವರ್ಷ ತೆಗೆದುಕೊಳ್ಳಬಹುದು, ಅಜ್ಜಿ. ಕಸುಬಿಗೆ ಅಷ್ಟು ವ್ಯವಧಾನವಿಲ್ಲ. ಗಣಿ ಮುಚ್ಚುವಾಗ ನಲವತ್ತು ದಾಟಿದ್ದವರಿಗೆ ಈಗ ಅರವತ್ತೈದು ಮೀರಿದೆ. ಡ್ರಿಲ್ಲಿಂಗ್ ಮಾಡಿದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ. ಅವರು ಅಪ್ಪನಷ್ಟು ಕಾಲವೂ ಬಾಳುವುದಿಲ್ಲ. ಅದಿರು ತೆಗೆದ ಸ್ಟೋಪ್‌ಗಳಲ್ಲಿ ಕಲ್ಲು ಕುಸಿಯದ ಹಾಗೆ ಗ್ರಾನೈಟ್ ದಿಂಡುಗಳನ್ನು ಗೋಡೆಯಾಗಿ ಕಟ್ಟುತ್ತಿದ್ದವರು, ರಾಕ್ ಬರ್ಸ್ಟ್ ಆಗಿ ಸಿಡಿಯುವ ಮುಂಚೆ ಬಂಡೆ ಮಾಡುವ ಸದ್ದನ್ನು ಗುರುತಿಸುತ್ತಿದ್ದವರು, ಉಕ್ಕಿನ ಹಗ್ಗದ ಒಂದೊಂದು ಎಳೆಯನ್ನೂ ಕೈಯಲ್ಲಿ ಸವರಿ ತಪಾಸಣೆ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಿನ್ನನ್ನು ಉಳಿಸಲು ಹಾರ್ಟಲ್‌ಪೂಲಿನಲ್ಲಿ ಹಣ ಹೇಗೋ ಹೊಂದಿಕೆಯಾಯಿತು. ಕಸುಬುದಾರರು ಇನ್ನೂ ಬದುಕಿದ್ದಾಗ ಅವರನ್ನು ಕರೆದರು ಎಂಬುದೇ ನನಗೆ ದೊಡ್ಡದಾಗಿ ಕಾಣುವುದು.

ಇನ್ನೊಂದು ವಿಷಯ. ನಿನ್ನನ್ನು ಕಟ್ಟಿದ ವಾಡಿಯಾರ ಹೆಸರು ಉಳಿದಿದೆ, ನನಗೆ ಸಂತೋಷ. ಬಾಚಿ ಹಿಡಿದವರ ಹೆಸರು ಉಳಿದಿಲ್ಲ. ನಮ್ಮ ಶಾಫ್ಟುಗಳ ಹೆಸರು ಕೇಳು: ಗಿಫರ್ಡ್, ಆಸ್ಬೋರ್ನ್, ಎಡ್ಗರ್, ಹೆನ್ರಿ, ಹೀತ್‌ಕೋಟ್. ಅಷ್ಟು ಆಳ ತೋಡಿದ ಒಬ್ಬ ಮುನಿಸ್ವಾಮಿಯ ಹೆಸರೂ, ಒಬ್ಬ ವೆಂಕಟಪ್ಪನ ಹೆಸರೂ ಯಾವ ಶಾಫ್ಟಿಗೂ ಇಲ್ಲ. ಕಂಪನಿಗೆ ಅವರ ಗುರುತು ಬೇಕಿರಲಿಲ್ಲ ಎಂದಲ್ಲ. ಚಿನ್ನ ಕದ್ದಾರೆಂದು ಮೈ ತಡಕುತ್ತಿದ್ದರು, ಬೆರಳಚ್ಚು ಕೇಳಿದರು. ಬೆರಳಚ್ಚಿನ ವಿರುದ್ಧ 1930ರಲ್ಲಿ ಇಡೀ ಗಣಿ ಮುಷ್ಕರ ಹೂಡಿತು. ಉತ್ತರ ಆರ್ಕಾಟಿನಿಂದ ಬಂದ ತಮಿಳರು, ಚಿತ್ತೂರು ಕಡೆಯ ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಹೆಚ್ಚಿನವರು ದಲಿತರು, ಒಂದಾಗಿ ನಿಂತು "ನಾವು ಕಳ್ಳರಲ್ಲ" ಎಂದ ಊರು ನಮ್ಮದು. ಕೆ.ಜಿ.ಎಫ್.ನಲ್ಲಿ ಏನನ್ನಾದರೂ ಉಳಿಸುವುದಾದರೆ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳನ್ನು ತೋರಿಸಿ "ಮಿನಿ ಇಂಗ್ಲೆಂಡ್" ಎಂದು ಕರೆಯುವುದು ನನಗೆ ಬೇಡ. ಕೇಜಿನಲ್ಲಿ ಇಳಿದವರ ಹೆಸರುಗಳು ಮಸ್ಟರ್ ಪುಸ್ತಕಗಳಲ್ಲಿ ಸಿಕ್ಕಷ್ಟು ಗೋಡೆಯ ಮೇಲೆ ಬರಲಿ.

ನಿನ್ನ ಊರಿಗೂ ನಮ್ಮ ಊರಿಗೂ ಇನ್ನೊಂದು ನಂಟಿದೆ. ನಿನ್ನ ಬಂದರಿಗೆ ಹತ್ತಿರದಲ್ಲೇ ಡರ್ಹಮ್ ವಿಶ್ವವಿದ್ಯಾಲಯವಿದೆಯಲ್ಲ, ಅಲ್ಲಿನ ವಿಜ್ಞಾನಿಗಳು 1960ರ ದಶಕದಲ್ಲಿ ಚಾಂಪಿಯನ್ ರೀಫ್ಸಿಗೆ ಬಂದಿದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಡರ್ಹಮ್ ಸೇರಿ ಹೀತ್‌ಕೋಟ್ ಶಾಫ್ಟಿನ ಮೂಲಕ 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು 1965ರಲ್ಲಿ ಮೊಟ್ಟಮೊದಲ ಬಾರಿಗೆ ಹಿಡಿದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ಮೇನನ್, ವೂಲ್ಫೆಂಡೇಲ್, ಮಿಯಾಕೆ, ನಮ್ಮ ಬಿ.ವಿ. ಶ್ರೀಕಂಠನ್ ಇವರೆಲ್ಲ ವಿಜ್ಞಾನದ ಚರಿತ್ರೆಯಲ್ಲಿದ್ದಾರೆ. ಆ ಯಂತ್ರಗಳನ್ನೂ ಆ ಮನುಷ್ಯರನ್ನೂ ಕೆಳಗಿಳಿಸಿ ಮೇಲೆತ್ತಿದ್ದು ವೈಂಡಿಂಗ್ ಎಂಜಿನ್. ಇಂಥ ಜಾಗ ಬೇರೆ ದೇಶದಲ್ಲಿದ್ದಿದ್ದರೆ ಶಾಲೆಯ ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿಕೊಂಡು ತಂದು ತೋರಿಸುತ್ತಿದ್ದರು. ನಮ್ಮ ಮಕ್ಕಳಿಗೆ ಇದು ಗೊತ್ತೇ ಇಲ್ಲ. 2018ರ 'ಕೆ.ಜಿ.ಎಫ್.' ಸಿನಿಮಾದಿಂದ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಸಿನಿಮಾ ನೋಡಿದ ಹುಡುಗರು ದೂರದೂರದಿಂದ ಬಂದು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ಸೈನೈಡ್ ದಿಬ್ಬದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. "ಗಣಿ ಎಲ್ಲಿ, ಒಳಗೆ ಬಿಡುತ್ತಾರಾ?" ಎಂದು ಸ್ಟೇಷನ್ನಿನಲ್ಲಿ ಕೇಳುತ್ತಾರೆ. ಮುಚ್ಚಿದ ಗೇಟು ತೋರಿಸಿ ಕಳಿಸುತ್ತೇವೆ. ಅಷ್ಟು ಆಸಕ್ತಿಯಿಂದ ಬಂದವರನ್ನು ಹಾಗೆ ಕಳಿಸಲು ನನಗೆ ಸಂಕಟವಾಗುತ್ತದೆ.

ನಮ್ಮ ಗಣಿಗೆ ಮೇಲ್ವಿಚಾರಕರಾಗಿ ಬಂದವರಲ್ಲಿ ಬಹಳ ಮಂದಿ ಇಂಗ್ಲೆಂಡಿನ ಕಾರ್ನ್‌ವಾಲಿನವರು. ಅವರ ಊರಿನ ತವರ, ತಾಮ್ರದ ಗಣಿಗಳೂ ಮುಚ್ಚಿದವು. ಆದರೆ ಅಲ್ಲಿನ ಎಂಜಿನ್ ಮನೆಗಳು 2006ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಗೀವರ್ ಎಂಬ ಗಣಿಯಲ್ಲಿ ಕೆಲಸ ಮಾಡಿದವರು ಅಲ್ಲಿ ಮಾರ್ಗದರ್ಶಿಗಳಾದರು. ವೇಲ್ಸ್‌ನ ಬಿಗ್ ಪಿಟ್ ಎಂಬ ಕಲ್ಲಿದ್ದಲ ಗಣಿ 1980ರಲ್ಲಿ ಮುಚ್ಚಿ ಮೂರೇ ವರ್ಷದಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬಂದವರನ್ನು ಹಳೆಯ ಗಣಿಗಾರರೇ ಕೇಜಿನಲ್ಲಿ 90 ಮೀಟರ್ ಕೆಳಗೆ ಕರೆದೊಯ್ಯುತ್ತಾರೆ. ಗಣಿಗಾರರಿಗೆ ಅದು ಸಂಬಳದ ಕೆಲಸ.

ಅದು ಶ್ರೀಮಂತ ದೇಶ, ಇಲ್ಲಿ ಹಾಗಲ್ಲ ಎನ್ನುವವರಿಗೆ ಕಾರವಾರದ ಕಡೆ ನೋಡಿ ಎನ್ನುತ್ತೇನೆ. 2025ರ ಮೇ 21ರಂದು ಅಲ್ಲಿ ನೌಕಾದಳ ಒಂದು ಹಾಯಿಹಡಗನ್ನು ಸೇರಿಸಿಕೊಂಡಿತು, ಕೌಂಡಿನ್ಯ ಎಂದು ಹೆಸರಿಟ್ಟರು. ಅಜಂತದ ಗೋಡೆಯಲ್ಲಿ ಐದನೇ ಶತಮಾನದ ಒಂದು ಹಡಗಿನ ಚಿತ್ರವಿದೆ, ಕೌಂಡಿನ್ಯವನ್ನು ಕಟ್ಟಿದ್ದು ಅದನ್ನು ನೋಡಿ. ಆ ಹಡಗಿನ ನಕ್ಷೆಯಿಲ್ಲ, ಅಳತೆಯಿಲ್ಲ, ಒಡೆದ ಒಂದು ಹಲಗೆಯೂ ಸಿಕ್ಕಿಲ್ಲ. ಕೇರಳದ ಬಾಬು ಶಂಕರನ್ ಮತ್ತು ಅವರ ಬಡಗಿಗಳಿಗೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಹಡಗು ಕಟ್ಟುವ ಕಸುಬು ಗೊತ್ತಿತ್ತು. ಕೇಂದ್ರದ ಸಂಸ್ಕೃತಿ ಸಚಿವಾಲಯ ದುಡ್ಡು ಕೊಟ್ಟಿತು, ನೌಕಾದಳ ವಿನ್ಯಾಸಕ್ಕೆ ಹೆಗಲು ಕೊಟ್ಟಿತು, ಗೋವಾದಲ್ಲಿ ಕಟ್ಟಿದರು. ಗೋಡೆಯ ಮೇಲಿನ ಬಣ್ಣದಿಂದ ಹಡಗು ಎಬ್ಬಿಸಿದ ದೇಶಕ್ಕೆ, ಕಣ್ಣೆದುರು ನಿಂತಿರುವ ಎಂಜಿನ್ನಿಗೆ ಎಣ್ಣೆ ಹಾಕುವುದು ಅಸಾಧ್ಯವೇನಲ್ಲ. ಕಸುಬು ಗೊತ್ತಿರುವವರು ಇಲ್ಲೂ ಇದ್ದಾರೆ, ಇನ್ನೂ ಕೆಲವು ವರ್ಷ.

"ಹೊಟ್ಟೆಗಿಲ್ಲದ ಊರಿಗೆ ಮ್ಯೂಸಿಯಂ ಏಕೆ?" ಎಂದು ನಮ್ಮೂರಿನವರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಕಿ ಹಣಕ್ಕೆ, ಮನೆಯ ಹಕ್ಕುಪತ್ರಕ್ಕೆ ಅಲೆದು ಸಾಕಾದವರು ಕೇಳುವುದು ಅದು. ಗಾಳಿ ಎದ್ದ ದಿನ ಸೈನೈಡ್ ದಿಬ್ಬದ ಪುಡಿ ಮನೆಯೊಳಗಿನ ಅನ್ನದ ಪಾತ್ರೆಗೆ ಬೀಳುವವರು ಕೇಳುವುದು. ಅವರಿಗೆ ನಾನು ಹೇಳುವುದು, ಹಾರ್ಟಲ್‌ಪೂಲಿನಲ್ಲಿ ನಿನ್ನನ್ನು ಎಬ್ಬಿಸಿದ್ದೇ ಹನ್ನೊಂದು ವರ್ಷದ ಕೆಲಸವಾಗಿತ್ತು ಎಂಬುದನ್ನು. ಕೆಲಸ ಕಳೆದುಕೊಂಡವರಿಗೆ ಅವರ ಕಸುಬಿನದೇ ಕೆಲಸ ಸಿಕ್ಕಿತು, ಹುಡುಗರಿಗೆ ಕಲಿಯಲು ಸಿಕ್ಕಿತು. ನಮ್ಮಲ್ಲೂ ಐ.ಟಿ.ಐ. ಮುಗಿಸಿ ಸುಮ್ಮನೆ ಕೂತ ಹುಡುಗರಿದ್ದಾರೆ. ಬೆಮೆಲ್ ಕಾರ್ಖಾನೆ ಇರುವ ಊರಿದು, ಲೇತು, ವೆಲ್ಡಿಂಗು ಬಲ್ಲ ಕೈಗಳಿಗೆ ಬರವಿಲ್ಲ. 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ, ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತರಿಸಿಕೊಂಡ ಊರು ಯಂತ್ರಕ್ಕೆ ಹೊಸದಲ್ಲ.

ಸಮಯ ಕಡಿಮೆಯಿದೆ ಎಂದು ಆತುರಪಡಲು ಕಾರಣವಿದೆ. ಸುಮಾರು 3.3 ಕೋಟಿ ಟನ್ ಇರುವ ಆ 13 ದಿಬ್ಬಗಳಿಂದ ಉಳಿದ ಚಿನ್ನ ತೆಗೆಯಲು ಅನುಮತಿ ಕೊಡುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದೆ. ದಿಬ್ಬಗಳು ಹೋಗಿ ಧೂಳು ನಿಂತರೆ, ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ನಾನು ಮೊದಲು ಕೈ ಮುಗಿಯುತ್ತೇನೆ. ಆದರೆ ದೊಡ್ಡ ಯಂತ್ರಗಳು ಬಂದಾಗ ಹಳೆಯ ಯಂತ್ರಗಳು ಅಡ್ಡಿ ಎನಿಸುತ್ತವೆ. ಟೆಂಡರಿನ ಒಂದು ಸಾಲಿನಲ್ಲಿ "ಹಳೆಯ ಕಬ್ಬಿಣ" ಎಂದು ಬರೆದರೆ ಮುಗಿಯಿತು, ಅಪ್ಪನ ಡ್ರಮ್ಮು ಲಾರಿ ಹತ್ತುತ್ತದೆ. ನಿನ್ನನ್ನು 1897ರಲ್ಲಿ ಮಾರಿದ ಕಾಗದದಲ್ಲೂ ಇಷ್ಟೇ ಬರೆದಿದ್ದಿರಬೇಕು.

ಆದ್ದರಿಂದ ನಿನ್ನ ಸಾಕ್ಷಿಯಾಗಿ, ಓದುತ್ತಿರುವ ಅಧಿಕಾರಿಗಳಿಗೂ ಶಾಸಕರಿಗೂ ಸಂಸದರಿಗೂ ಕೇಳುತ್ತಿದ್ದೇನೆ. ಇಡೀ ಗಣಿಯನ್ನು ತೆರೆಯಿರಿ ಎಂದು ಕೇಳುತ್ತಿಲ್ಲ; ನೀರು ತುಂಬಿದ ಶಾಫ್ಟಿಗೆ ಯಾರನ್ನೂ ಇಳಿಸಬೇಕಾಗಿಲ್ಲ. ಚಾಂಪಿಯನ್ ರೀಫ್ಸಿನಲ್ಲಿ ಒಂದು ಹೆಡ್‌ಗೇರ್, ಅದರ ವೈಂಡಿಂಗ್ ಎಂಜಿನ್ ಇರುವ ಕಟ್ಟಡ, ಇವೆರಡನ್ನು ಯಾವ ಹರಾಜಿಗೂ ಸೇರಿಸದೆ ಈಗಲೇ ಬೇರೆ ತೆಗೆದಿಡಿ. ಅದನ್ನು ದುರಸ್ತಿ ಮಾಡುವ ಕೆಲಸಕ್ಕೆ ಬದುಕಿರುವ ಡ್ರೈವರುಗಳನ್ನೂ ಫಿಟ್ಟರುಗಳನ್ನೂ ಸಂಬಳ ಕೊಟ್ಟು ಕರೆಯಿರಿ, ಪ್ರತಿಯೊಬ್ಬರ ಪಕ್ಕದಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ. ಆಂಡರ್ಸನ್‌ಪೇಟೆಯ ಆ ಹಿರಿಯರ ಹತ್ತಿರ ಹೋಗುವುದಕ್ಕೆ ಮಾತ್ರ ಬಜೆಟ್ಟು ಬರುವವರೆಗೆ ಕಾಯಬೇಡಿ. ಒಂದು ರೆಕಾರ್ಡರ್ ಹಿಡಿದು ನಾಳೆಯೇ ಹೋಗಿ. ಅವರು ತಮಿಳಿನಲ್ಲಿ ಹೇಳುತ್ತಾರೆ, ನಡುನಡುವೆ ಕನ್ನಡ, ತೆಲುಗು ಬರುತ್ತವೆ. ಮೂರೂ ಬಲ್ಲವರು ನಮ್ಮೂರಿನಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ.

ನಿನ್ನಲ್ಲೂ ಒಂದು ಕೋರಿಕೆ, ಅಜ್ಜಿ. ನಿನ್ನ ಹಲಗೆ ಕೂರಿಸಿದ ಬಡಗಿಗಳಲ್ಲಿ, ನಿನ್ನ ಹಗ್ಗ ಕಟ್ಟಿದವರಲ್ಲಿ ಯಾರಾದರೂ ಇನ್ನೂ ಗಟ್ಟಿಯಾಗಿದ್ದರೆ ಇಲ್ಲಿಗೆ ಕಳಿಸು. ಮೊದಲ ದಿನ ಯಾವ ತುದಿಯಿಂದ ಶುರುಮಾಡಿದಿರಿ, ಕೊಳೆತದ್ದು ಯಾವುದು, ಉಳಿಸಬಹುದಾದದ್ದು ಯಾವುದು ಎಂದು ಹೇಗೆ ವಿಂಗಡಿಸಿದಿರಿ, ದುಡ್ಡು ಮುಗಿದ ತಿಂಗಳುಗಳಲ್ಲಿ ಕೆಲಸಗಾರರನ್ನು ಹೇಗೆ ಹಿಡಿದಿಟ್ಟುಕೊಂಡಿರಿ ಎಂದು ನಮ್ಮವರಿಗೆ ಹೇಳಲಿ. ಬೆಂಗಳೂರಿನಿಂದ ಮಾರಿಕುಪ್ಪಂ ಗಾಡಿ ಹತ್ತಿದರೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿಯಬಹುದು, ನಡುವೆ ಬದಲಿಸಬೇಕಾಗಿಲ್ಲ. ಮಧ್ಯದಲ್ಲಿ ಬಂಗಾರಪೇಟೆ ಸಿಗುತ್ತದೆ. ಅಲ್ಲಿ ನಾನು ಹತ್ತಿಕೊಳ್ಳುತ್ತೇನೆ. ಊಟ ನಮ್ಮ ಮನೆಯಲ್ಲಿ.

ಇತಿ,
ವೈಂಡಿಂಗ್ ಎಂಜಿನ್ ಡ್ರೈವರೊಬ್ಬರ ಮಗಳು
ಬಂಗಾರಪೇಟೆ